ಠಾಣೆಯಲ್ಲೊಂದು ಕುರ್ಚಿ, ಆಸ್ಪತ್ರೆಯಲ್ಲೊಂದು ಕೋಣೆ

ಗಂಡನ ಹೊಡೆತ ತಿಂದವಳಿಗೆ ‘ಅನುಸರಿಸಿಕೊಂಡು ಹೋಗು’ ಎನ್ನಲು ಊರೆಲ್ಲ ಜನ ಇರುತ್ತಾರೆ. ‘ಏನಾಯಿತಮ್ಮಾ’ ಎಂದು ಕೇಳುವವರೇ ಅಪರೂಪ. ಮುಂಬಯಿ ಅಂಥವರನ್ನು ನೇಮಿಸಲು ತೊಡಗಿ ನಾಲ್ಕು ದಶಕ ದಾಟಿದೆ. ಹಿಂತಿರುಗಿ ನೋಡಿದರೆ, ನೊಂದವಳು ಹೇಗೂ ಕಾಲಿಡುವ ಜಾಗದಲ್ಲೇ ಹೋಗಿ ಕೂತವರ ಕೆಲಸ ಬೇರುಬಿಟ್ಟಿದೆ.

ಮೊದಲ ಕುರ್ಚಿ ಬಿದ್ದದ್ದು ಪೊಲೀಸರ ನಡುವೆ. ಗಂಡ ಮತ್ತವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದ ದಂಡ ಸಂಹಿತೆಯ 498ಎ ಕಲಂ ಬಂದದ್ದು 1983ರಲ್ಲಿ. ಮರುವರ್ಷವೇ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಶೇಷ ಘಟಕ ತೆರೆದು ಸಮಾಜ ಕಾರ್ಯಕರ್ತರನ್ನು ಕೂರಿಸಿತು. ಮಂಗಳೂರಿನಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ತಮ್ಮ ದಾಂಪತ್ಯದ ಹಿಂಸೆಯನ್ನು ಹೆಸರು ಮರೆಸದೆ ಬರೆದದ್ದೂ ಆ ದಶಕದಲ್ಲೇ. ಮುಂದೆ ವಕೀಲೆಯಾಗಿ, ಹೆಂಗಸರಿಗೆ ಕಾನೂನು ನೆರವು ಕೊಡುವ ‘ಮಜಲಿಸ್’ ಕಟ್ಟಿದರು.

ನನ್ನ ಮಟ್ಟಿಗೆ ಈ ನಗರದ ದೊಡ್ಡ ಹೆಜ್ಜೆ ಬಾಂದ್ರಾದ ಭಾಭಾ ಆಸ್ಪತ್ರೆಯದು. ಆರೋಗ್ಯ ಸಂಶೋಧನೆಯ ‘ಸೆಹತ್’ ಸಂಸ್ಥೆ ಮತ್ತು ಮಹಾನಗರ ಪಾಲಿಕೆ ಕೂಡಿ 2000ದ ಸುಮಾರಿಗೆ ಅಲ್ಲಿ ‘ದಿಲಾಸಾ’ ಎಂಬ ಆಪ್ತಸಲಹಾ ಕೇಂದ್ರ ಆರಂಭಿಸಿದವು. ಮೆಟ್ಟಿಲಿಂದ ಬಿದ್ದೆ ಎನ್ನುವವಳ ಗಾಯ ಮುಂಗೈ ಮೇಲಿರುತ್ತದೆ, ಹೊಡೆತಕ್ಕೆ ಅಡ್ಡ ಹಿಡಿದ ಕೈ ಅದು. ತಪ್ಪಿ ಫಿನಾಯಿಲ್ ಕುಡಿದೆ ಎಂದು ಇನ್ನೊಬ್ಬಳ ಕೇಸ್ ಪೇಪರ್ ಹೇಳುತ್ತದೆ. ಇಂಥದ್ದನ್ನು ಗುರುತಿಸಲು ನರ್ಸ್, ಡಾಕ್ಟರರಿಗೆ ತರಬೇತಿ ಸಿಕ್ಕಿತು. ಜೊತೆಗೆ ಬಂದ ಗಂಡನನ್ನು ಹೊರಗೆ ನಿಲ್ಲಿಸಿ, ಬಾಗಿಲು ಹಾಕಿ ಮಾತಾಡಿಸುತ್ತಾರೆ. ಪಾಸ್‌ಬುಕ್, ರೇಷನ್ ಕಾರ್ಡ್, ಮಕ್ಕಳ ಜನನ ಪತ್ರ ನಂಬಿಕೆಯ ನೆರೆಯವಳ ಬಳಿ ಇಡು ಎನ್ನುವುದೂ ಆಪ್ತಸಲಹೆಯೇ. ಮನೆಗೆ ಹೋಗಲು ಭಯವೆಂದರೆ ಒಂದೆರಡು ರಾತ್ರಿ ವಾರ್ಡಿನಲ್ಲೇ ಉಳಿಸಿಕೊಳ್ಳುವುದುಂಟು. ಈ ಮಾದರಿ ಆಮೇಲೆ ಪಾಲಿಕೆಯ ಬೇರೆ ಆಸ್ಪತ್ರೆಗಳಿಗೂ ಹೋಯಿತು. ಆಸ್ಪತ್ರೆಯ ಆಚೆ, ಧಾರಾವಿಯ ಗಲ್ಲಿಗಳಲ್ಲಿ ಇಂಥದ್ದೇ ಕೆಲಸಕ್ಕೆ ಡಾ. ಆರ್ಮಿಡಾ ಫರ್ನಾಂಡಿಸ್ ಕಟ್ಟಿದ ‘ಸ್ನೇಹಾ’ ಸಂಸ್ಥೆ ಇದೆ.

ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದು, ಮನೆ ಯಾರ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕನ್ನು ಹೆಂಡತಿಗೆ ಕೊಟ್ಟಿತು. ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ಇತ್ಯರ್ಥಕ್ಕೆ ಯತ್ನಿಸಬೇಕೆಂದೂ ಅದು ಹೇಳುತ್ತದೆ. ಕೋರ್ಟಿಗೆ ಅಲೆದವರನ್ನು ಕೇಳಿ, ತಿಂಗಳುಗಟ್ಟಲೆ ಎನ್ನುತ್ತಾರೆ. ಆ ತಿಂಗಳುಗಳಲ್ಲಿ ಅವಳು ಎಲ್ಲಿ ಮಲಗಬೇಕು? ಈ ನಗರದಲ್ಲಿ ಒಂದು ಖೋಲಿಗೂ ಡಿಪಾಜಿಟ್ ಬೇಕು. ದಾನಿಗಳ ದುಡ್ಡು ಸಭೆ, ಜಾಗೃತಿ ಫಲಕಗಳಿಗೆ ಸುಲಭವಾಗಿ ಹರಿಯುತ್ತದೆ. ಆರು ತಿಂಗಳ ಬಾಡಿಗೆಗೆ ಹುಟ್ಟುವುದಿಲ್ಲ.

ಇದು ಕನ್ನಡಿಗರಾದ ನಮ್ಮ ಮನೆಯ ವಿಷಯವೂ ಹೌದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದ ಹೆಂಗಸರು ಕರ್ನಾಟಕದಲ್ಲಿ ಶೇ. 44, ದೇಶದಲ್ಲೇ ಅತಿ ಹೆಚ್ಚು. ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬಯಿಗೆ ಕೂಲಿಗೆ ಬಂದವಳಿಗೆ ಹಿಂದಿ, ಮರಾಠಿ ಸಂತೆಗೆ ಸಾಕಾಗಬಹುದು, ಎದೆಯ ಸಂಕಟ ಹೇಳಲು ಸಾಲದು. ಆಗ ಶಾಲೆಗೆ ಹೋಗುವ ಮಗಳೇ ಅಪ್ಪ ಮಾಡಿದ್ದನ್ನು ಅಮ್ಮನ ಪರವಾಗಿ ಹೇಳಬೇಕಾಗುತ್ತದೆ. ಯಾವ ಮಗುವಿಗೂ ಆ ಗತಿ ಬರಬಾರದು. ಈ ಮಹಾನಗರದ ಕನ್ನಡ, ತುಳು ಸಂಘಗಳು ಸಭಾಭವನ ಕಟ್ಟಿವೆ, ವಿದ್ಯಾರ್ಥಿವೇತನ ಕೊಟ್ಟಿವೆ. ಮುಂದಿನ ವಾರ್ಷಿಕ ಸಭೆಯಲ್ಲಿ ಒಬ್ಬ ಕನ್ನಡ ಬಲ್ಲ ಆಪ್ತಸಲಹೆಗಾರ್ತಿಯ ಸಂಬಳವನ್ನೂ ನಾಲ್ಕು ಖೋಲಿಗಳ ಬಾಡಿಗೆಯನ್ನೂ ಬಜೆಟ್ಟಿಗೆ ಸೇರಿಸಲಿ.