ಗಡ್ಡದ ಓತಿಯ ಮೂಕಭಾಷೆ

ಓತಿಗೆ ಬೇಲಿ ಸಾಕ್ಷಿ ಎಂಬ ಗಾದೆ ನಮ್ಮಲ್ಲಿ ಹಳೆಯದು. ಬೇಲಿಗೂಟದ ಮೇಲೆ ಕುಳಿತು ತಲೆಯಾಡಿಸುವ ಓತಿಯನ್ನು ಕಂಡೊಡನೆ ಕಲ್ಲೆತ್ತುವ ಮಕ್ಕಳು ನಮ್ಮೂರುಗಳಲ್ಲಿ ಈಗಲೂ ಇದ್ದಾರೆ. ಅದೇ ಓತಿಯ ಕುಟುಂಬಕ್ಕೆ ಸೇರಿದ, ಆಸ್ಟ್ರೇಲಿಯದ ‘ಬಿಯರ್ಡೆಡ್ ಡ್ರ್ಯಾಗನ್’ ಎಂಬ ಪ್ರಾಣಿಯನ್ನು ಹಣ ತೆತ್ತು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಇಂದು ಹಲವು ದೇಶಗಳಲ್ಲಿದೆ. ನಮ್ಮ ದೇಶದ ನಗರಗಳಿಗೂ ಅದು ಬಂದಿದೆ. ಹವ್ಯಾಸವನ್ನು ನಾವು ದೂರುತ್ತಿಲ್ಲ. ಆದರೆ ಪ್ರಾಣಿಯ ಸ್ವಭಾವವನ್ನರಿಯದೆ ಸಾಕುವುದು ಹಿಂಸೆಯೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಈ ಗಡ್ಡದ ಓತಿಗೆ ಬೊಗಳಲು ಬಾರದು, ಮಿಯಾಂವ್ ಎನ್ನಲೂ ಬಾರದು. ಅದರ ಮಾತೆಲ್ಲ ಮೈಯ ಚಲನೆಯಲ್ಲಿದೆ. ಗಂಡು ರಭಸದಿಂದ ತಲೆಯಾಡಿಸಿದರೆ ‘ಇದು ನನ್ನ ಜಾಗ’ ಎಂದರ್ಥ. ಒಂದು ಮುಂಗಾಲನ್ನೆತ್ತಿ ನಿಧಾನವಾಗಿ ಬೀಸಿದರೆ ‘ನಿನ್ನೊಡನೆ ನನಗೆ ಜಗಳವಿಲ್ಲ’ ಎಂಬ ಶರಣಾಗತಿ. ನೋಡಿದವರು ಅದನ್ನು ನಮಸ್ಕಾರವೆಂದು ತಿಳಿದು ನಗುತ್ತಾರೆ! ಗಂಟಲು ಉಬ್ಬಿ ಕಪ್ಪಾದರೆ ಅದು ಬೆದರಿದೆ ಅಥವಾ ಕೆರಳಿದೆ ಎಂದು ತಿಳಿಯಬಹುದು. ಬಿಸಿಲು ಕಾಯಿಸುವಾಗ ಬಾಯಿ ತೆರೆದು ಕುಳಿತರೆ ಕೋಪವಲ್ಲ. ಮೈಯ ಬಿಸಿಯನ್ನು ಹೊರಹಾಕುವ ಕ್ರಮ. ಚಳಿಗಾಲದಲ್ಲಿ ಕೆಲವು ಪ್ರಾಣಿಗಳು ವಾರಗಟ್ಟಲೆ ಮೇವು ಬಿಟ್ಟು ಮಲಗುವುದೂ ಉಂಟು.

ಆಹಾರದ ವಿಷಯದಲ್ಲಂತೂ ತಪ್ಪುಗಳು ಹೆಚ್ಚು. ಮರಿಗೆ ಬೆಳೆಯಲು ಹುಳುಹುಪ್ಪಟೆಗಳೇ ಮುಖ್ಯ. ಬೆಳೆದ ಮೇಲೆ ಸೊಪ್ಪು ತರಕಾರಿಗಳ ಪಾಲು ಹೆಚ್ಚಬೇಕು. ದೊಡ್ಡದಾದ ಮೇಲೂ ಹುಳುವನ್ನೇ ಸುರಿದರೆ ಕೊಬ್ಬು ಬೆಳೆಯುತ್ತದೆ. ಹುಳು ಅದರ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ದಾಸವಾಳದ ಹೂ, ಸಿಹಿಕುಂಬಳ ಕೊಡಬಹುದು. ಹರಿವೆ, ಪಾಲಕ್‌ಗಳನ್ನು ನಿತ್ಯ ಕೊಡಬಾರದು. ಅವುಗಳಲ್ಲಿರುವ ಆಕ್ಸಾಲಿಕ್ ಆಮ್ಲ ಸುಣ್ಣದ ಅಂಶವನ್ನು ಮೈಗೆ ಸೇರಗೊಡದು. ಮಿಂಚುಹುಳು ತಿಂದು ಸತ್ತ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಮದ್ದು ಸಿಂಪಡಿಸಿದ ತೋಟದ ಹುಳುವೂ ಬೇಡ.

ಮೇವು ಸರಿಯಿದ್ದರೆ ಸಾಲದು, ಬೆಳಕೂ ಬೇಕು. ಬಿಸಿಲಿನ ಅತಿನೇರಳೆ ಕಿರಣವಿಲ್ಲದೆ ಅದರ ಮೈಯಲ್ಲಿ ‘ಡಿ’ ಜೀವಸತ್ವ ಸಾಕಷ್ಟು ಉತ್ಪತ್ತಿಯಾಗದು. ಅದಿಲ್ಲದೆ ಸುಣ್ಣ ಎಲುಬಿಗೆ ಸೇರದು. ಕಿಟಕಿಯ ಗಾಜು ಈ ಕಿರಣವನ್ನು ತಡೆಯುತ್ತದೆ. ಹಾಗಾಗಿ ಕಿಟಕಿಯ ಬಳಿ ಇಟ್ಟೆವೆಂದು ಸಮಾಧಾನಪಡುವಂತಿಲ್ಲ. ಅದಕ್ಕೆಂದೇ ಇರುವ ದೀಪ ಬೇಕು. ಇಲ್ಲವಾದರೆ ಎಲುಬು ಮೆತ್ತಗಾಗಿ, ದವಡೆ ಬಾಗಿ, ಕಾಲು ನಡುಗತೊಡಗುತ್ತದೆ. ಮೂಕ ಪ್ರಾಣಿ ದೂರು ಹೇಳುವುದಿಲ್ಲ. ನಮಗೆ ಗೊತ್ತಾಗುವ ವೇಳೆಗೆ ಹೊತ್ತು ಮೀರಿರುತ್ತದೆ.

ಇದರ ತವರು ಆಸ್ಟ್ರೇಲಿಯದ ಒಳನಾಡಿನ ಒಣನೆಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯ ಆಟಿ ತಿಂಗಳ ತೇವ ಅದಕ್ಕೆ ಒಗ್ಗದು. ಹತ್ತು ವರ್ಷ ಬಾಳಬಲ್ಲ ಜೀವವನ್ನು ಕೊಳ್ಳುವ ಮೊದಲು, ಇದರ ಚಿಕಿತ್ಸೆ ಬಲ್ಲ ಪಶುವೈದ್ಯರು ಹತ್ತಿರದಲ್ಲಿದ್ದಾರೆಯೇ ಎಂದಾದರೂ ವಿಚಾರಿಸುವುದು ಅಗತ್ಯ.

ನಮ್ಮ ಮಕ್ಕಳಿಗೆ ಓತಿಯ ಭಾಷೆ ಕಲಿಯುವ ಆಸೆಯಿದ್ದರೆ ಪೆಟ್ಟಿಗೆಯೂ ಬೇಡ, ದೀಪವೂ ಬೇಡ. ಬೇಲಿಯ ಓತಿಯೂ ಹೀಗೆಯೇ ತಲೆಯಾಡಿಸುತ್ತದೆ, ಹೀಗೆಯೇ ಬಣ್ಣ ಬದಲಿಸುತ್ತದೆ. ಕೈಯಲ್ಲಿರುವ ಕಲ್ಲನ್ನು ಕೆಳಗಿಟ್ಟು ಐದು ನಿಮಿಷ ನೋಡಲು ಹಿರಿಯರು ಕಲಿಸಿದರೆ ಸಾಕು.