ನೀರಿನ ನಡುವೆ ಮನೆ ಕೊಳ್ಳುವ ಮುನ್ನ

ಸುತ್ತ ನೀಲಿ ನೀರು, ನಡುವೆ ತೆಂಗಿನ ತೋಪು, ತೋಪಿನ ಅಂಚಿಗೆ ಬಿಳಿಯ ಕಟ್ಟಡ, ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ನೀರಿನ ಕಡೆಗೆ ತೆರೆದುಕೊಂಡ ಬಾಲ್ಕನಿ. ದ್ವೀಪದ ಫ್ಲಾಟುಗಳನ್ನು ಮಾರುವ ಜಾಹೀರಾತುಗಳಲ್ಲಿ ಈ ಚಿತ್ರ ಬದಲಾಗುವುದಿಲ್ಲ. ಊರಿನ ಹೆಸರು ಮಾತ್ರ ಬದಲಾಗುತ್ತದೆ. ಒಮ್ಮೆ ಥಾಯ್ಲೆಂಡಿನ ಫುಕೆಟ್, ಒಮ್ಮೆ ಇಂಡೋನೇಷ್ಯದ ಬಾಲಿ, ಇನ್ನೊಮ್ಮೆ ಕೇರಳದ ಹಿನ್ನೀರಿನ ದಂಡೆ. ಬೆಂಗಳೂರಿನ ಅನುಕೂಲಸ್ಥ ಕುಟುಂಬಗಳಿಗೆ ಇದು ಕೈಗೆಟುಕದ ಕನಸೇನೂ ಅಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬ ವ್ಯಕ್ತಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಆ ಹಣದಲ್ಲಿ ಅಲ್ಲಿ ಮನೆಯನ್ನೂ ಕೊಳ್ಳಬಹುದು.

ರಾವಂದೂರು ಸೀಮೆಯ ಹೊಗೆಸೊಪ್ಪಿನ ರೈತನಿಗೂ ಆ ಬಾಲ್ಕನಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವಾದದ್ದು. ಸಂಬಂಧವಿದೆ. ಅದೇ ಚಿತ್ರದಲ್ಲಿ ತೆಂಗಿನ ಬದಲು ಸಿಲ್ವರ್ ಓಕ್ ಮರವನ್ನೂ, ಕಡಲಿನ ಬದಲು ಮಂಜು ಕವಿದ ಬೆಟ್ಟವನ್ನೂ ಇರಿಸಿದರೆ ಕೊಡಗಿನ ತಪ್ಪಲಿನ ನಿವೇಶನದ ಜಾಹೀರಾತು ಸಿದ್ಧವಾಗುತ್ತದೆ. ಹಿನ್ನೀರನ್ನು ಹಾಗೆಯೇ ಉಳಿಸಿಕೊಂಡರೆ ಹೆಗ್ಗಡದೇವನಕೋಟೆಯ ಕಬಿನಿ ದಂಡೆಯದಾಗುತ್ತದೆ. ಎರಡು ಕಡೆಯೂ ಮಾರಾಟವಾಗುತ್ತಿರುವುದು ನೋಟ. ನೋಟಕ್ಕೆ ಬೆಲೆ ಕಟ್ಟಿದವರು ಅದರ ಕೆಳಗಿನ ನೆಲದ ಸ್ವಭಾವವನ್ನು ವಿಚಾರಿಸುವುದು ಅಪರೂಪ.

ದ್ವೀಪದಲ್ಲಿ ಫ್ಲಾಟು ಕೊಂಡವನಿಗೆ ನಿಜವಾಗಿ ದೊರೆಯುವುದು ಏನು? ಥಾಯ್ಲೆಂಡಿನ ಕಾನೂನು ಇದಕ್ಕೆ ಸ್ಪಷ್ಟವಾದ ಉತ್ತರ ಕೊಟ್ಟಿದೆ. ಅಲ್ಲಿ ಸಾಮಾನ್ಯವಾಗಿ ವಿದೇಶೀಯರು ಭೂಮಿಯನ್ನು ಹೊಂದುವಂತಿಲ್ಲ. 1979ರ ಕಾಂಡೊಮಿನಿಯಂ ಕಾಯ್ದೆಯ ಪ್ರಕಾರ ಅವರು ಫ್ಲಾಟನ್ನು ಕೊಳ್ಳಬಹುದಾದರೂ ಒಂದು ಕಟ್ಟಡದ ಫ್ಲಾಟುಗಳ ಒಟ್ಟು ವಿಸ್ತೀರ್ಣದಲ್ಲಿ ವಿದೇಶೀಯರ ಪಾಲು ಶೇಕಡ 49ನ್ನು ಮೀರಕೂಡದು. ಅಂತಸ್ತನ್ನು ಮಾರಬಹುದು, ನೆಲವನ್ನು ಮಾರಲಾಗದು ಎಂಬ ವಿವೇಕ ಅದರ ಹಿಂದಿದೆ. ಆದರೆ ಈ ಕಾಯ್ದೆಯೂ ಉತ್ತರಿಸದ ಎರಡು ಪ್ರಶ್ನೆಗಳು ಉಳಿಯುತ್ತವೆ. ಕಟ್ಟಡ ನಿಂತಿರುವ ಜಾಗ ನೀರಿಗೆ ಸೇರಿದ್ದೇ? ಕಟ್ಟಲು ಕೊಟ್ಟ ಅನುಮತಿ ಕೊನೆಯವರೆಗೆ ಬಾಳುವಂಥದೇ? ಮಾರಾಟದ ಪತ್ರದಲ್ಲಿ ಈ ಎರಡಕ್ಕೂ ಜಾಗವಿಲ್ಲ. ಇವೆರಡನ್ನೂ ಕೇಳದೆ ನಡೆದ ವ್ಯವಹಾರಗಳ ಗತಿ ಏನಾಯಿತೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕರ್ನಾಟಕದಲ್ಲೂ ನೆರೆಯ ಕೇರಳದಲ್ಲೂ ನಿದರ್ಶನಗಳಿವೆ.

ಹಂಪಿಯ ಎದುರಿನ ದಡದಲ್ಲಿ, ತುಂಗಭದ್ರೆಯ ಕವಲುಗಳ ನಡುವೆ, ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರ ಗಡ್ಡೆ ಇದೆ. ಬಂಡೆಗಳ ನಡುವೆ ಭತ್ತ ಬೆಳೆಯುತ್ತಿದ್ದ ಆ ನಡುಗಡ್ಡೆ ವಿದೇಶೀ ಪ್ರವಾಸಿಗರ ಬೀಡಾಯಿತು; ಗದ್ದೆಗಳ ಅಂಚಿನಲ್ಲಿ ಅತಿಥಿಗೃಹಗಳೂ ಹೋಟೆಲುಗಳೂ ಎದ್ದವು. 1988ರಲ್ಲಿಯೇ ಸರ್ಕಾರ ಅಧಿಸೂಚನೆ ಹೊರಡಿಸಿ ಆ ಪ್ರದೇಶವನ್ನು ಸಂರಕ್ಷಿತವೆಂದು ಸಾರಿತ್ತು. ಆದರೂ ಕಟ್ಟಡಗಳು ಏಳುತ್ತಲೇ ಹೋದವು. 2019ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಗಡ್ಡೆಯ ಸಂಪರ್ಕ ಕಡಿದು, ನೂರಾರು ಪ್ರವಾಸಿಗರನ್ನು ದೋಣಿಗಳಲ್ಲೂ ಹೆಲಿಕಾಪ್ಟರ್‌ಗಳಲ್ಲೂ ಹೊರತರಬೇಕಾಯಿತು. ಆರು ತಿಂಗಳ ಬಳಿಕ, 2020ರ ಫೆಬ್ರವರಿ 11ರಂದು, ಕರ್ನಾಟಕ ಹೈಕೋರ್ಟಿನ 2015ರ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚ್ ತಿಂಗಳಲ್ಲಿ ಕಟ್ಟಡಗಳು ನೆಲಸಮವಾದವು. ಮೊದಲು ಹೊಳೆ ಬಂದಿತು, ಅನಂತರ ಕಾನೂನು ಬಂದಿತು. ಎರಡೂ ಹೇಳಿದ್ದು ಒಂದೇ ಮಾತು. ನಷ್ಟ ಅನುಭವಿಸಿದವರಲ್ಲಿ ಬೇಸಾಯ ಬಿಟ್ಟು ಪ್ರವಾಸಿಗರನ್ನೇ ನೆಚ್ಚಿಕೊಂಡಿದ್ದ ಸ್ಥಳೀಯರೂ ಇದ್ದರೆಂಬುದನ್ನು ಮರೆಯಲಾಗದು.

ಎರಡನೆಯ ನಿದರ್ಶನ ಕೊಚ್ಚಿಯ ಹಿನ್ನೀರಿನ ದಂಡೆಯ ಮರಡು. ಅದು ಇನ್ನೂ ಗ್ರಾಮ ಪಂಚಾಯಿತಿಯಾಗಿದ್ದಾಗ, 2006ರಲ್ಲಿ, ಬಹುಮಹಡಿ ವಸತಿ ಸಂಕೀರ್ಣಗಳಿಗೆ ಪರವಾನಗಿ ನೀಡಲಾಯಿತು. ಕರಾವಳಿ ನಿಯಂತ್ರಣ ವಲಯದ ನಿಯಮಗಳಂತೆ ಪಡೆಯಬೇಕಾಗಿದ್ದ ಕರಾವಳಿ ಪ್ರಾಧಿಕಾರದ ಒಪ್ಪಿಗೆ ಅದಕ್ಕಿರಲಿಲ್ಲ. ಮರುವರ್ಷವೇ ಪಂಚಾಯಿತಿ ನೋಟಿಸು ಕೊಟ್ಟಿತು; ನಿರ್ಮಾಣಗಾರರು ಹೈಕೋರ್ಟಿನಲ್ಲಿ ಗೆದ್ದರು; ಕಟ್ಟಡಗಳು ಪೂರ್ಣಗೊಂಡವು; ಮುನ್ನೂರಕ್ಕೂ ಹೆಚ್ಚು ಫ್ಲಾಟುಗಳು ಮಾರಾಟಕ್ಕೆ ಬಂದವು. ಕೊನೆಗೆ 2019ರ ಮೇ 8ರಂದು ಅವನ್ನು ಕೆಡವುವಂತೆ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಂಕೀರ್ಣಗಳು ಸ್ಫೋಟಕಗಳಿಂದ ಕುಸಿದವು. ಉಳಿದದ್ದು ಸುಮಾರು 76 ಸಾವಿರ ಟನ್ ಕಾಂಕ್ರೀಟಿನ ರಾಶಿ. ಫ್ಲಾಟಿನ ಒಡೆಯರಿಗೆ ತಲಾ 25 ಲಕ್ಷ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ಸರ್ಕಾರವೇ ಮೊದಲು ಕೊಟ್ಟು, ಅನಂತರ ನಿರ್ಮಾಣಗಾರರಿಂದ ವಸೂಲು ಮಾಡಬೇಕೆಂದು ನ್ಯಾಯಾಲಯ ವಿಧಿಸಿತು. ಜೀವಮಾನದ ಉಳಿತಾಯವನ್ನು ಅಲ್ಲಿ ಸುರಿದಿದ್ದ ನಿವೃತ್ತರು ತಮ್ಮ ಮನೆ ಕುಸಿಯುವುದನ್ನು ದೂರದರ್ಶನದಲ್ಲಿ ನೋಡಬೇಕಾಯಿತು. ಅವರ ಕೈಯಲ್ಲಿ ನೋಂದಣಿಯ ಪತ್ರವಿತ್ತು, ಬ್ಯಾಂಕಿನ ಸಾಲದ ಪತ್ರವಿತ್ತು, ತೆರಿಗೆ ಕಟ್ಟಿದ ರಸೀದಿಯಿತ್ತು. ಇಷ್ಟೆಲ್ಲ ಇದ್ದೂ ಇರಬೇಕಾಗಿದ್ದ ಒಂದು ಒಪ್ಪಿಗೆ ಇರಲಿಲ್ಲ.

ಮೂರನೆಯದು ಮರಡುವಿನಿಂದ ತೆಂಕಣಕ್ಕೆ, ವೆಂಬನಾಡು ಸರೋವರದಲ್ಲಿರುವ ನೆಡಿಯತುರುತ್ತು ಎಂಬ ಪುಟ್ಟ ದ್ವೀಪದ್ದು. ಐವತ್ತಕ್ಕೂ ಹೆಚ್ಚು ವಿಲ್ಲಾಗಳಿದ್ದ ವಿಲಾಸಿ ರೆಸಾರ್ಟೊಂದು ಅಲ್ಲಿ ನಿಂತಿತ್ತು. ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಆ ನೀರಿನಲ್ಲಿ ಗೂಟ ನೆಟ್ಟು ಬಲೆ ಕಟ್ಟುವ ಬೆಸ್ತರಿದ್ದರು. ಕಟ್ಟಡ ಎದ್ದಂತೆ ತಮ್ಮ ಬಲೆಯ ಜಾಗ ಹೋಯಿತೆಂಬುದು ಅವರ ದೂರು. 2013ರಲ್ಲಿ ಕೇರಳ ಹೈಕೋರ್ಟು ಕೆಡವಲು ಹೇಳಿತು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು. 2022ರ ಸೆಪ್ಟೆಂಬರಿನಲ್ಲಿ ಕೆಡವುವ ಕೆಲಸ ಆರಂಭವಾಯಿತು.

ಈ ಮೂರು ಪ್ರಸಂಗಗಳಲ್ಲಿ ಸಮಾನವಾದ ಒಂದು ಎಳೆಯಿದೆ. ನೀರು ಎಲ್ಲಿಯವರೆಗೆ ಏರುತ್ತದೆ, ಎಲ್ಲಿ ಹರಡುತ್ತದೆ, ಎಲ್ಲಿ ಮನೆ ಕಟ್ಟಬಾರದು ಎಂಬುದು ದಂಡೆಯ ಜನಕ್ಕೆ ಮೊದಲಿನಿಂದಲೂ ತಿಳಿದಿತ್ತು. ಆ ತಿಳಿವಳಿಕೆ ಕಡತಕ್ಕೆ ಏರಲಿಲ್ಲ. ಕಡತಕ್ಕೆ ಏರಿದ್ದು ಪರವಾನಗಿ ಮಾತ್ರ. ಕೊಳ್ಳುವವನು ಕಡತವನ್ನು ನೋಡಿದನೇ ಹೊರತು ದಂಡೆಯವರನ್ನು ಕೇಳಲಿಲ್ಲ. ಸತ್ಯ ಹೊರಬೀಳಲು ಹತ್ತು, ಹದಿನೈದು, ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಮಾರಿದವನು ಹಣ ಎಣಿಸಿಕೊಂಡು ಬೇರೆ ಕಡೆ ನಡೆದಿದ್ದನು.

ನಿಯಮಗಳೇ ಆಗಾಗ ಬದಲಾಗುವಾಗ ಜನಸಾಮಾನ್ಯ ಏನು ಮಾಡಬೇಕೆಂದು ಕೇಳುವವರುಂಟು. ಆಕ್ಷೇಪಣೆ ನ್ಯಾಯವಾದದ್ದೇ. ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ರೇಖೆಯಿಂದ 50 ಮೀಟರ್ ಬಿಡಬೇಕೆಂದು 2011ರ ಅಧಿಸೂಚನೆ ಹೇಳಿದ್ದರೆ, 2019ರದು ಅದನ್ನು 20 ಮೀಟರಿಗೆ ಇಳಿಸಿತು. ಆದರೆ ಉಬ್ಬರಕ್ಕೆ ಈ ತಿದ್ದುಪಡಿ ತಿಳಿಯದು. ಕಾನೂನು ಸಡಿಲವಾದಷ್ಟೂ ವಿಚಾರಿಸುವ ಹೊಣೆ ಕೊಳ್ಳುವವನ ಮೇಲೆ, ಎಚ್ಚರಿಸುವ ಹೊಣೆ ಊರಿನ ಮೇಲೆ ಹೆಚ್ಚುತ್ತದೆ.

ನಡುಗಡ್ಡೆಯನ್ನು ಬಳಸಲೇಬಾರದೆಂದು ಇದರ ಅರ್ಥವಲ್ಲ. ರಾವಂದೂರಿಗೆ ಹತ್ತಿರದ ನಡುಗಡ್ಡೆಯೆಂದರೆ ಕುಶಾಲನಗರದ ಬಳಿಯ ಕಾವೇರಿ ನಿಸರ್ಗಧಾಮ. ತೂಗುಸೇತುವೆ ದಾಟಿ ಅಲ್ಲಿಗೆ ಹೋಗದ ಶಾಲಾ ಮಕ್ಕಳು ಈ ಭಾಗದಲ್ಲಿ ವಿರಳ. ಮಳೆಗಾಲದಲ್ಲಿ ಹೊಳೆ ಏರಿದಾಗ ಅರಣ್ಯ ಇಲಾಖೆ ಅದರ ಬಾಗಿಲನ್ನು ಮುಚ್ಚುತ್ತದೆ. ಇಳಿದ ಮೇಲೆ ತೆರೆಯುತ್ತದೆ. ಅದೇ ಕಾವೇರಿಯ ಕೆಳಹರಿವಿನಲ್ಲಿ, 1940ರಲ್ಲಿ ಪಕ್ಷಿಧಾಮವಾಗಿ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟಿನ ಗಡ್ಡೆಗಳೂ ನೆರೆಯಲ್ಲಿ ಮುಳುಗುತ್ತವೆ. ಗೂಡುಗಳು ಹೋಗುತ್ತವೆ, ನೀರಿಳಿದಾಗ ಹಕ್ಕಿಗಳು ಮರಳುತ್ತವೆ. ಹೊಳೆಗೆ ಅದರ ಪಾಲಿನ ದಿನಗಳನ್ನು ಬಿಟ್ಟುಕೊಡುವ ಬಳಕೆಗೂ, ಹೊಳೆಯ ಮೇಲೆ ಶಾಶ್ವತ ಒಡೆತನ ಬಯಸುವ ಬಳಕೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗಿದೆ.

ಅದೇ ಕುಶಾಲನಗರದಲ್ಲಿ ಇನ್ನೊಂದು ಪಾಠವೂ ಇದೆ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಾವೇರಿಯ ನೆರೆ ಸಾಯಿ ಬಡಾವಣೆ, ಕುವೆಂಪು ಬಡಾವಣೆಗಳ ಮನೆಗಳಿಗೆ ನುಗ್ಗಿತು. ಹೊಳೆ ಹರಡಿಕೊಳ್ಳುವ ತಗ್ಗಿನಲ್ಲಿ ಎದ್ದ ಬಡಾವಣೆಗಳು ಆ ದಿನಗಳಲ್ಲಿ ಯಾರೂ ಬಯಸದ ದ್ವೀಪಗಳಾದವು. ಅಲ್ಲಿ ಮನೆ ಕೊಂಡವರು ಸಿರಿವಂತರೇನಲ್ಲ. ನೌಕರರು, ಸಣ್ಣ ವ್ಯಾಪಾರಿಗಳು, ಊರ ಕಡೆಯಿಂದ ಬಂದು ನೆಲೆಸಿದವರು. ಹೊಳೆಯ ಆಚೆ ದಡದ ಕೊಪ್ಪ ಪಿರಿಯಾಪಟ್ಟಣ ತಾಲ್ಲೂಕಿನದು. ಆ ದಡದ ನೀರು ಈ ದಡಕ್ಕೆ ಬಾರದೆಂದು ನಂಬಲು ಕಾರಣವಿಲ್ಲ.

ಇಂಥ ಖರೀದಿಗೆ ಒಂದು ಕಾಲದಲ್ಲಿ ಕಾನೂನಿನ ಬೇಲಿಯಿತ್ತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಭೂಸುಧಾರಣಾ ಕಾಯ್ದೆ ಉಳುವವನಿಗೆ ಹೊಲವನ್ನು ಕೊಟ್ಟಿತು. ಅದೇ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳು ಕೃಷಿಯಲ್ಲದ ವರಮಾನ ಮಿತಿ ಮೀರಿದವರೂ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದವು. 2020ರ ತಿದ್ದುಪಡಿ ಆ ಎರಡೂ ಸೆಕ್ಷನ್‌ಗಳನ್ನು ತೆಗೆದುಹಾಕಿತು. ಬೇಲಿ ಹಿಂದೆಯೂ ಗಟ್ಟಿಯಾಗಿರಲಿಲ್ಲ. ಸುಳ್ಳು ದಾಖಲೆಗಳಿಂದ ಅದನ್ನು ದಾಟಿದವರಿದ್ದರು, ಪ್ರಾಮಾಣಿಕ ಖರೀದಿದಾರ ಕಚೇರಿಯಿಂದ ಕಚೇರಿಗೆ ಅಲೆದದ್ದೂ ಉಂಟು. ಆದರೂ ಊರಿನ ಜಮೀನು ಊರಿನ ಬೇಸಾಯಕ್ಕೆ ಎಂಬ ತತ್ತ್ವ ಕಾಗದದ ಮೇಲಾದರೂ ಇತ್ತು. ಈಗ ಅದೂ ಇಲ್ಲ.

ಹೊಲ ಮಾರುವ ರೈತನನ್ನು ದೂಷಿಸುವುದು ಅನ್ಯಾಯ. ಹೊಗೆಸೊಪ್ಪಿನ ದರ ಹರಾಜು ಕಟ್ಟೆಯಲ್ಲಿ ಕುಸಿದ ವರ್ಷ ಸೌದೆಯ ಸಾಲ, ಗೊಬ್ಬರದ ಸಾಲ, ಮಗಳ ಮದುವೆಯ ಸಾಲ ಒಟ್ಟಿಗೆ ಬಂದು ನಿಲ್ಲುತ್ತವೆ. ಅಂಥ ಹೊತ್ತಿನಲ್ಲಿ ನಗರದಿಂದ ಬಂದವನು ಎಕರೆಗೆ ಹೇಳುವ ಬೆಲೆ ಹತ್ತು ಬೆಳೆಯ ಆದಾಯಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಾರುವುದು ಅವನ ಹಕ್ಕು. ಆದರೆ ಅವನ ಹೊಲದ ಜೊತೆಗೆ ಊರಿಗೆ ಸೇರಿದ ಹಳ್ಳ, ಕಾಲುದಾರಿ, ಕೆರೆಗೆ ನೀರು ತರುವ ಕಾಲುವೆ ಇವೂ ಸದ್ದಿಲ್ಲದೆ ಮಾರಾಟವಾಗುವುದು ಬೇರೆ ಸಂಗತಿ. ಪಹಣಿಯಲ್ಲಿ ಬಿ ಖರಾಬು ಎಂದು ನಮೂದಾದ ಜಾಗ ಸಾರ್ವಜನಿಕರದು; ಅದನ್ನು ಮಾರುವ ಅಧಿಕಾರ ಹೊಲದ ಒಡೆಯನಿಗಿಲ್ಲ. ಬೇಲಿ ಬಿದ್ದ ಮೇಲೆ, ಹಳ್ಳಕ್ಕೆ ಮಣ್ಣು ತುಂಬಿದ ಮೇಲೆ, ಮೇಲಿನವನ ನೀರು ಕೆಳಗಿನವನ ಗದ್ದೆಯನ್ನು ಕೊರೆಯಲಾರಂಭಿಸಿದ ಮೇಲೆ ಈ ಮಾತು ನೆನಪಾದರೆ ಪ್ರಯೋಜನವಿಲ್ಲ.

ಆದ್ದರಿಂದ ಗ್ರಾಮಸಭೆ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಬಡಾವಣೆಯಾಗಲಿರುವ ಸರ್ವೆ ನಂಬರಿನಲ್ಲಿ ಖರಾಬು ಎಷ್ಟು, ಅದು ಎಲ್ಲಿದೆ? ಭೂ ಕಂದಾಯ ಕಾಯ್ದೆಯ 95ನೆಯ ಸೆಕ್ಷನ್ನಿನಂತೆ ಭೂಪರಿವರ್ತನೆ ಆಗಿದೆಯೇ, ಆಗಿದ್ದರೆ ಯಾವ ಉದ್ದೇಶಕ್ಕೆ? ಕಳೆದ ನೆರೆಯಲ್ಲಿ ನೀರು ಆ ಜಾಗದಲ್ಲಿ ಎಲ್ಲಿಯವರೆಗೆ ಬಂದಿತ್ತು? ಅಲ್ಲಿಯ ಕೊಳೆನೀರು ಯಾವ ಹಳ್ಳಕ್ಕೆ ಸೇರಲಿದೆ, ಕೊಳವೆಬಾವಿ ಯಾರ ಬಾವಿಯ ಪಕ್ಕದಲ್ಲಿದೆ? ಉತ್ತರಗಳು ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಬೇಕು. ಮರಡುವಿನ ಪಂಚಾಯಿತಿ ಪರವಾನಗಿ ಕೊಟ್ಟ ಮೇಲೆ ನೋಟಿಸು ಕೊಟ್ಟಿತು. ಆ ಕ್ರಮ ಅದಲುಬದಲಾಗಿದ್ದರೆ ಅಷ್ಟೊಂದು ಕುಟುಂಬಗಳು ಮನೆ ಕಳೆದುಕೊಳ್ಳುತ್ತಿರಲಿಲ್ಲ. ಇಂಥ ನಡಾವಳಿ ಊರಿಗೆ ರಕ್ಷಣೆಯಾಗುವಂತೆ ಹೊರಗಿನಿಂದ ಬಂದು ಕೊಳ್ಳುವವನಿಗೂ ರಕ್ಷಣೆಯೇ. ಅವನು ಶತ್ರುವಲ್ಲ, ತಿಳಿಯದವನು.

ಇಲ್ಲಿ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ಭೂಮಾಪನ ಇಲಾಖೆಯ ಗ್ರಾಮನಕ್ಷೆಯ ಒಂದು ಪ್ರತಿ, ಊರಿನ ಹಿರಿಯರೊಡನೆ ಎರಡು ದಿನದ ನಡಿಗೆ, ಒಂದು ಬಣ್ಣದ ಪೆನ್ಸಿಲು ಇದ್ದರೆ ಸಾಕು. 2018ರಲ್ಲಿ ಮತ್ತು 2019ರಲ್ಲಿ ನೀರು ಯಾವ ಮರದ ಬುಡಕ್ಕೆ, ಯಾವ ಗುಡಿಯ ಮೆಟ್ಟಿಲಿಗೆ, ಯಾವ ಬ್ಯಾರನ್ನಿನ ಗೋಡೆಗೆ ಮುಟ್ಟಿತ್ತೆಂದು ಕಂಡವರು ಇನ್ನೂ ಊರಿನಲ್ಲಿದ್ದಾರೆ. ಅವರು ತೋರಿಸಿದ ಗುರುತುಗಳನ್ನು ನಕ್ಷೆಯ ಮೇಲೆ ಎಳೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿದರೆ, ನಿವೇಶನ ಕೇಳಿಕೊಂಡು ಬರುವ ಪ್ರತಿಯೊಬ್ಬನೂ ಜಾಹೀರಾತಿನ ಚಿತ್ರದ ಜೊತೆಗೆ ಈ ಚಿತ್ರವನ್ನೂ ನೋಡಿಯೇ ಮುಂದುವರಿಯುತ್ತಾನೆ. ಮುಂದಿನ ಮುಂಗಾರಿನೊಳಗೆ ಮುಗಿಸಬಹುದಾದ ಕೆಲಸವಿದು.