ಹಿನ್ನೋಟದ ಕಣ್ಣು

ವಾಹನವನ್ನು ಮುಂದಕ್ಕೆ ಓಡಿಸಲು ಎಲ್ಲರೂ ಕಲಿಯುತ್ತಾರೆ. ಹಿಂದಕ್ಕೆ ತೆಗೆಯುವಾಗ ಬೇಕಾದ ಎಚ್ಚರ ಮಾತ್ರ ಎಲ್ಲರಿಗೂ ಸಿದ್ಧಿಸುವುದಿಲ್ಲ. ಕಾರಿನ ಬೆನ್ನ ಹಿಂದೆ ಮೂರು ಕನ್ನಡಿಗಳಿಗೂ ನಿಲುಕದ ಒಂದಷ್ಟು ನೆಲವಿರುತ್ತದೆ. ಅಲ್ಲಿ ಕುಳಿತ ಮಗು ಚಾಲಕನ ಪಾಲಿಗೆ ಇಲ್ಲದಂತೆಯೇ ಸರಿ. 2002ರಲ್ಲಿ ಅಮೆರಿಕದಲ್ಲಿ ಎರಡು ವರ್ಷದ ಶಿಶುವೊಂದು, ಹೆತ್ತ ತಂದೆಯೇ ಮನೆಯ ಮುಂದೆ ಹಿಂದಕ್ಕೆ ತೆಗೆದ ವಾಹನದಡಿ ಸಿಲುಕಿ ಅಸುನೀಗಿತು. ಆ ಶಿಶುವಿನ ಹೆಸರಿನಲ್ಲಿಯೇ 2008ರಲ್ಲಿ ಕಾಯ್ದೆಯಾಯಿತು; 2018ರ ಮೇ ತಿಂಗಳಿನಿಂದ ಅಲ್ಲಿ ಮಾರಾಟಕ್ಕೆ ತಯಾರಾಗುವ ಪ್ರತಿಯೊಂದು ಹೊಸ ಕಾರಿಗೂ ಹಿನ್ನೋಟದ ಕ್ಯಾಮೆರಾ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿಯ ಎಚ್ಚರಿಕೆಯ ಸೆನ್ಸರ್ ಕಡ್ಡಾಯವಾಗಿದೆ. ಆದರೆ ಅದಕ್ಕಿಂತ ಹಳೆಯ ಕಾರುಗಳು ನಮ್ಮ ಅಂಗಳಗಳಲ್ಲಿ ಇನ್ನೂ ಎಷ್ಟೋ ಇವೆ.

ಅಂಥದೊಂದು ಹಳೆಯ ಕಾರು ನಮ್ಮ ತಂಗಿಯ ಮನೆಯಲ್ಲಿದೆ. ಕಳೆದ ವರ್ಷ ಅದನ್ನು ಹಿಂದಕ್ಕೆ ತೆಗೆಯುವಾಗ ತಾಮ್ರದ ಕೊಡವೊಂದು ಚಕ್ರದಡಿ ಸಿಕ್ಕು ಜಜ್ಜಿಹೋಯಿತು. ಕ್ಷಣದ ಹಿಂದೆ ಅದೇ ಕೊಡದ ಬಳಿ ಮೊಮ್ಮಗಳು ಆಡುತ್ತಿದ್ದಳೆಂಬುದು ತಿಳಿದಾಗ ಮನೆಯವರೆಲ್ಲ ಮೂಕರಾದರು. ಅಂದೇ ಸೋದರಳಿಯನು ಹಿನ್ನೋಟದ ಕ್ಯಾಮೆರಾ ಕೂಡಿಸಲು ಸಂಕಲ್ಪಿಸಿದನು.

ಆತ ಅದಾಗಲೇ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕಯಂತ್ರವನ್ನು ಕಾರಿನಲ್ಲಿ ಕೂಡಿಸಿ, ಪರದೆಯ ಮೇಲೆ ಹಾಡು, ನಕ್ಷೆಗಳನ್ನು ತರಿಸಿದ್ದನು. ನಂಬರ್ ಪ್ಲೇಟಿನ ಮೇಲೆ ಕ್ಯಾಮೆರಾ ಬಿಗಿದು, ಡಿಕ್ಕಿಯಿಂದ ಮುಂದಿನವರೆಗೆ ತಂತಿ ಎಳೆದು, ಅದರ ಚಿತ್ರವನ್ನು ಯಂತ್ರಕ್ಕೆ ಉಣಿಸಲು ಯುಎಸ್‌ಬಿ ಪರಿವರ್ತಕವೊಂದನ್ನು ಜೋಡಿಸಿದನು. ರಿವರ್ಸ್ ಗೇರ್ ಬಿದ್ದುದು ಯಂತ್ರಕ್ಕೆ ತಿಳಿಯಬೇಕಲ್ಲವೇ? ಅದಕ್ಕಾಗಿ ಹಿಂಬದಿಯ ರಿವರ್ಸ್ ದೀಪದ ತಂತಿಯನ್ನು ಯಂತ್ರದ ಪಿನ್ನಿಗೆ ನೇರವಾಗಿ ಸೇರಿಸಿದನು. ಇಲ್ಲಿಯೇ ತಪ್ಪಿದ್ದು. ದೀಪದ ತಂತಿಯಲ್ಲಿ ಹರಿಯುವುದು 12 ವೋಲ್ಟ್. ಆ ಪಿನ್ನು ತಾಳಬಲ್ಲದ್ದು 3.3 ವೋಲ್ಟ್ ಮಾತ್ರ. ಮೊದಲ ಸಲ ಗೇರ್ ಹಾಕಿದೊಡನೆ ಯಂತ್ರ ಸುಟ್ಟಿತು.

ಎರಡನೆಯ ಸಲ ನಡುವೆ ಆಪ್ಟೋಕಪ್ಲರ್ ಎಂಬ ಸಣ್ಣ ಬಿಡಿಭಾಗವನ್ನಿಟ್ಟನು. ಅದರೊಳಗೆ ಒಂದು ಬದಿಯಲ್ಲಿ ಪುಟ್ಟ ದೀಪ, ಇನ್ನೊಂದು ಬದಿಯಲ್ಲಿ ಬೆಳಕನ್ನು ಗುರುತಿಸುವ ಕಣ್ಣು. ಸುದ್ದಿ ಬೆಳಕಾಗಿ ದಾಟುತ್ತದೆ, ವಿದ್ಯುತ್ತು ದಾಟುವುದಿಲ್ಲ. ಕಾರಿನ ಕಡೆಗೆ 1 ಕಿಲೋ ಓಮ್‌ನ ರೆಸಿಸ್ಟರ್, ತಂತಿಯ ಮೊದಲಲ್ಲಿ ಸಣ್ಣ ಫ್ಯೂಸ್. ಬಳಿಕ ಬಂಪರಿನಿಂದ 1, 2, 3 ಮೀಟರ್ ದೂರದಲ್ಲಿ ಇಟ್ಟಿಗೆಗಳನ್ನಿಟ್ಟು, ಅವು ಕಂಡ ಕಡೆ ಪರದೆಯ ಮೇಲೆ ಗೆರೆ ಎಳೆದನು. ಅಗಲ ನೋಟದ ಮಸೂರದಲ್ಲಿ ಹತ್ತಿರದ ವಸ್ತುವೂ ದೂರವೆನಿಸುವುದರಿಂದ ಈ ಗೆರೆಗಳು ಅತ್ಯಗತ್ಯ. ಚಿತ್ರದ ಎಡಬಲವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸುವುದೂ ಅಷ್ಟೇ ಮುಖ್ಯ. ಮರೆತರೆ ಸ್ಟಿಯರಿಂಗ್ ತಪ್ಪು ದಿಕ್ಕಿಗೆ ಹೊರಳುತ್ತದೆ.

ಎಲ್ಲವೂ ಸರಿಯಾಯಿತೆಂದು ನಾವು ಸಂತೋಷಪಟ್ಟೆವು. ಮರುದಿನ ಮುಂಜಾನೆ ನಾನು ಅವನ ಪಕ್ಕದಲ್ಲಿ ಕುಳಿತು ಹೊರಡಲು ಅವಸರಪಡಿಸಿದಾಗ ಆತ, "ಮಾಮಾ, ಸ್ವಲ್ಪ ತಡೀರಿ, ಪರದೆ ಇನ್ನೂ ಬಂದಿಲ್ಲ" ಎಂದನು. ಕೀಲಿ ತಿರುಗಿಸಿದ ಮೇಲೆ ಆ ಯಂತ್ರ ಎಚ್ಚರಗೊಳ್ಳಲು ಸುಮಾರು ಅರ್ಧ ನಿಮಿಷ ಬೇಕಾಗಿತ್ತು. ಅಮೆರಿಕದ ನಿಯಮದಂತೆ ಚಿತ್ರ 2 ಸೆಕೆಂಡಿನೊಳಗೆ ಮೂಡಬೇಕು. ವಿಚಾರ ಮಾಡಿ ನೋಡಿರಿ: ಅಂಗಳದಿಂದ ಕಾರು ಹಿಂದಕ್ಕೆ ಹೊರಡುವುದು ಮುಂಜಾನೆ, ಕೀಲಿ ತಿರುಗಿಸಿದ ಕೂಡಲೇ. ಮಕ್ಕಳು ಬೀಳ್ಕೊಡಲು ಓಡಿಬರುವುದೂ ಆಗಲೇ. ಅಪಾಯ ಅತ್ಯಧಿಕವಾದ ಆ ಗಳಿಗೆಯಲ್ಲಿಯೇ ಈ ಕಣ್ಣು ಕುರುಡು!

ಇದನ್ನರಿತ ಅಳಿಯನು ತನ್ನ ಜಾಣ್ಮೆಯ ಮೋಹ ಬಿಟ್ಟು, ಕ್ಯಾಮೆರಾವನ್ನು ಗಣಕದಿಂದ ಬಿಡಿಸಿ ಪ್ರತ್ಯೇಕವಾದ ಸಣ್ಣ ಪರದೆಯೊಂದಕ್ಕೆ ನೇರವಾಗಿ ಜೋಡಿಸಿದನು. ಈಗ ಗೇರ್ ಬಿದ್ದೊಡನೆ ಚಿತ್ರ ಮೂಡುತ್ತದೆ. ಕೈಯಾರೆ ಕಟ್ಟಿದ್ದನ್ನು ಕೈಯಾರೆ ಕಳಚುವುದು ಸುಲಭವಲ್ಲ. ಆತನ ಕೆಲಸದಲ್ಲಿ ನಾನು ಹೆಚ್ಚು ಮೆಚ್ಚಿದ್ದು ಅದನ್ನೇ.

ಆದರೂ ಮಸೂರಕ್ಕೆ ಕೆಸರು ಮೆತ್ತುತ್ತದೆ, ಮಳೆಹನಿ ಕೂರುತ್ತದೆ, ಕತ್ತಲಲ್ಲಿ ಚಿತ್ರ ಮಸುಕಾಗುತ್ತದೆ. ಆದುದರಿಂದ ತಂಗಿಯ ಮನೆಯಲ್ಲಿ ಈಗೊಂದು ಕಟ್ಟಳೆ: ಕಾರು ಏರುವ ಮುನ್ನ ಅದನ್ನೊಮ್ಮೆ ಸುತ್ತಿ ಬರಬೇಕು, ಮಕ್ಕಳು ಹಿರಿಯರೊಬ್ಬರ ಕೈಹಿಡಿದು ಕಟ್ಟೆಯ ಮೇಲೆ ನಿಂತ ಬಳಿಕವೇ ಗೇರ್ ಹಾಕಬೇಕು. ಓದುಗ ಬಂಧುಗಳು ತಮ್ಮ ಮನೆಗಳಲ್ಲಿಯೂ ಈ ಕಟ್ಟಳೆಯನ್ನು ಇಂದಿನಿಂದಲೇ ಪಾಲಿಸಲೆಂದು ಕೋರುತ್ತೇನೆ. ಇದಕ್ಕೆ ತಂತಿಯೂ ಬೇಡ, ಹಣವೂ ಬೇಡ.